ಕೂಲಿ ಕುಟುಂಬದಿಂದ ಲಂಡನ್ನಿಗೆ: ವಿದ್ಯಾರ್ಥಿವೇತನ ಸಿಗುವುದೇ?

ಪ್ರಶ್ನೆ: ನಾವು ಪರಿಶಿಷ್ಟ ಜಾತಿಯವರು. ಅಪ್ಪ, ಅಮ್ಮ ಕಾಫಿ ತೋಟದ ಕೂಲಿಗಳು. ಬಿ.ಇ.ಯಲ್ಲಿ ಶೇ 64 ಅಂಕ ಬಂದಿದೆ. ಲಂಡನ್ನಿನ ವಿಶ್ವವಿದ್ಯಾಲಯವೊಂದು ಎಂ.ಎಸ್ಸಿ.ಗೆ ಷರತ್ತಿನ ಪ್ರವೇಶಪತ್ರ ಕಳಿಸಿದೆ. ದುಡ್ಡಿಗೆ ದಾರಿ ತೋರಿಸಿ.
– ಓದುಗರು, ಮೂಡಿಗೆರೆ

ಉತ್ತರ: ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ನಿಮ್ಮಂಥವರಿಗಾಗಿಯೇ ಇದೆ. ಶೇ 60 ಅಂಕ, 35ರೊಳಗಿನ ವಯಸ್ಸು, 8 ಲಕ್ಷ ರೂಪಾಯಿ ಮೀರದ ಕುಟುಂಬದ ವಾರ್ಷಿಕ ಆದಾಯ ಬೇಕು. ಬೋಧನಾ ಶುಲ್ಕ, ವಿಮಾನ ಟಿಕೆಟ್, ವೀಸಾ, ವಿಮೆಯ ಜೊತೆಗೆ ಬ್ರಿಟನ್ನಿನಲ್ಲಿ ವರ್ಷಕ್ಕೆ 9,900 ಪೌಂಡ್ ಜೀವನ ಭತ್ಯೆ ಸಿಗುತ್ತದೆ. ವಿಶ್ವವಿದ್ಯಾಲಯ ಜಾಗತಿಕ ವಿ.ವಿ. ಶ್ರೇಯಾಂಕದ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗಿದೆಯೇ ಎಂದು ಮೊದಲು ನೋಡಿ.

ನಿಮ್ಮ ತೊಡಕು ಆ ಷರತ್ತು; ಈ ವಿದ್ಯಾರ್ಥಿವೇತನಕ್ಕೆ ಷರತ್ತಿಲ್ಲದ ಪ್ರವೇಶಪತ್ರವೇ ಬೇಕು. ಐಇಎಲ್‌ಟಿಎಸ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಅಂಕವೋ ಅಂತಿಮ ಅಂಕಪಟ್ಟಿಯೋ ಬಾಕಿ ಇದ್ದರೆ ಕೂಡಲೇ ಕಳಿಸಿ, ಷರತ್ತಿಲ್ಲದ ಪತ್ರ ತರಿಸಿಕೊಳ್ಳಿ. ಮುಂಗಡ ಶುಲ್ಕ ಕೇಳಿದರೆ ಸಾಲ ಮಾಡಿ ಕಟ್ಟಬೇಡಿ, ದಯವಿಟ್ಟು; ಆಯ್ಕೆಯಾಗದಿದ್ದರೆ ಆ ಹಣ ವಾಪಸ್ ಬರುವ ಖಾತ್ರಿಯಿಲ್ಲ. ಗಡುವು ವಿಸ್ತರಿಸುವಂತೆ ಇಮೇಲ್ ಬರೆಯಿರಿ.

ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಹೊಸದಾಗಿ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು: ನಮ್ಮ ಕಡೆಯ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಈಗಲೇ ಸರಿಪಡಿಸಿಕೊಳ್ಳಿ. ಆಯ್ಕೆಯಾದ ಮೇಲೆ ನಿಯಮ ಪಾಲಿಸುವ ಮುಚ್ಚಳಿಕೆಗೆ (ಬಾಂಡ್) ಜಾಮೀನುದಾರರೂ ಬೇಕಾಗುತ್ತಾರೆ. ಸಂಬಂಧಿಕರೊಂದಿಗೆ ಮೊದಲೇ ಮಾತಾಡಿಡಿ.

ವಿದೇಶದ ಓದಿಗೆ ನೆರವಾಗುವ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆಯನ್ನೂ ಚಿಕ್ಕಮಗಳೂರಿನ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ.