ಮ್ಯಾಗ್ನೆಟ್ ಟೈಲ್ಸ್: ಗೋಡೆ ಯಾಕೆ ಓರೆಯಾಗುತ್ತದೆ?

ಪ್ರಶ್ನೆ: ನಾಲ್ಕೂವರೆ ವರ್ಷದ ಮಗಳಿಗೆ ಮ್ಯಾಗ್ನೆಟ್ ಟೈಲ್ಸ್ (ಅಂಚಿನಲ್ಲಿ ಮ್ಯಾಗ್ನೆಟ್ ಇರುವ, ಕೂಡಿಸಿ ಆಡುವ ಪ್ಲಾಸ್ಟಿಕ್ ತುಂಡುಗಳು) ತಂದಿದ್ದೇವೆ. ನಾಲ್ಕು ಗೋಡೆ ನಿಲ್ಲಿಸುತ್ತಾಳೆ, ಮುಟ್ಟಿದರೆ ಓರೆಯಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಸದ್ದು. ಮಾಲು ಕಳಪೆಯೇ? ಮಳೆಗಾಲಕ್ಕೆ ತುಕ್ಕು ಹಿಡಿದೀತೇ?
– ಓದುಗರು, ಬದಿಯಡ್ಕ

ಉತ್ತರ: ಸಣ್ಣ ಸದ್ದು ದೋಷವಲ್ಲ. ಒಳ್ಳೆಯ ಟೈಲ್ಸ್‌ನ ಅಂಚಿನೊಳಗೆ ಮ್ಯಾಗ್ನೆಟ್ ತಿರುಗುವಂತೆ ಬಿಟ್ಟಿರುತ್ತಾರೆ. ಇನ್ನೊಂದು ಅಂಚು ಹತ್ತಿರ ಬಂದಾಗ ಅದು ಹೊರಳಿ ಉತ್ತರ ಧ್ರುವಕ್ಕೆ ದಕ್ಷಿಣವನ್ನು ಒಡ್ಡುತ್ತದೆ, ಯಾವ ಅಂಚು ಹಿಡಿದರೂ ಕೂಡುತ್ತದೆ. ಅಂಚುಗಳು ಒಂದನ್ನೊಂದು ತಳ್ಳಿದರೆ ಆಗ ಸಂಶಯಪಡಿ.

ಗೋಡೆಯ ಕಾರಣ ಬೇರೆ. ಮ್ಯಾಗ್ನೆಟ್ ಜೋಡಣೆ ಬಾಗಿಲ ಬಿಜಾಗರಿಯಂತೆ ಹಿಡಿಯುತ್ತದೆಯೇ ಹೊರತು ಮೂಲೆಯನ್ನು ಬಿಗಿಯುವುದಿಲ್ಲ. ಮೇಲೋ ಕೆಳಗೋ ಒಂದು ಚೌಕ ಕೂಡಿಸಿ, ಮೂಲೆ ನೆಟ್ಟಗಾಗುತ್ತದೆ. ನಮ್ಮ ಕಡೆಯ ಹಂಚಿನ ಮನೆಯನ್ನೇ ಕಟ್ಟಲಿ: ಗೋಡೆಗೆ 4 ಚೌಕ, ಮಾಡಿನ ಇಳಿಜಾರಿಗೆ 2 ಚೌಕ, ಹಿಂದೆ ಮುಂದೆ 2 ಸಮಬಾಹು ತ್ರಿಕೋನ. ಒಟ್ಟು 8 ತುಂಡು. ತ್ರಿಕೋನ ಬಿಟ್ಟರೆ ಇಳಿಜಾರಿನ ಭಾರ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ತ್ರಿಕೋನ ಮೊದಲು. ಎರಡು ಚೌಕ ಸೇರಿಸಿ ತಾರಸಿ ಹಾಕಿದರೆ ನಡುವಿನ ಜೋಡಣೆ ಕುಸಿಯುತ್ತದೆ. ಅದರಡಿಗೆ ಒಂದು ಅಡ್ಡಗೋಡೆ ಬೇಕು. ಇದನ್ನೆಲ್ಲ ಮೊದಲೇ ಹೇಳಿಕೊಟ್ಟು ಆಟ ಕೆಡಿಸಬೇಡಿ. "ಯಾವ ತುಂಡು ಮೊದಲು ಜಾರಿತು?" ಎಂದು ಕೇಳಿ ಸುಮ್ಮನಿರಿ.

ಇದು ಬಂದ ಮೇಲೆ 6 ಚೌಕಗಳನ್ನು ನೆಲದಲ್ಲಿ ಶಿಲುಬೆಯಾಕಾರಕ್ಕೆ ಜೋಡಿಸಿ, ಮಡಚಿ ಘನ ಮಾಡಲಿ. ಮೂರು ಮೂರರ ಎರಡು ಸಾಲನ್ನು ಸರಿಸಮ ಜೊತೆಗಿಟ್ಟು ಆಯತ ಮಾಡಿದರೆ ಘನವಾಗಿ ಮಡಚಲಾಗದು. ಘನವಾಗುವ ಜೋಡಣೆಗಳು 11. ಹೈಸ್ಕೂಲು ಮಕ್ಕಳಿಗೂ ಅವನ್ನೆಲ್ಲ ಹುಡುಕುವುದು ಸುಲಭವಲ್ಲ!

ನೀರಿನಲ್ಲಿ ಮುಳುಗಿಸಿ ತೊಳೆಯಬೇಡಿ. ಸಂದಿನಿಂದ ನೀರು ಒಳಹೊಕ್ಕರೆ ಮ್ಯಾಗ್ನೆಟ್ ತುಕ್ಕು ಹಿಡಿಯಬಹುದು. ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಪೂರ್ತಿ ಒಣಗಿದ ಮೇಲೆ ಡಬ್ಬಿಗೆ ಹಾಕಿ.

ಪ್ರಶ್ನೆ: ಎಷ್ಟು ತುಂಡು ಕೊಳ್ಳಬೇಕು? ಮನೆಯಲ್ಲಿ ಎರಡು ವರ್ಷದ ತಮ್ಮನೂ ಇದ್ದಾನೆ.
– ಓದುಗರು, ಉಪ್ಪಳ

ಉತ್ತರ: ಒಂದು ಮಗುವಿಗೆ 30–40 ಸಾಕು, ಚೌಕಗಳು ಹೆಚ್ಚಿರಲಿ. ಬೇರೆ ಬೇರೆ ಕಂಪೆನಿಯದ್ದು ಬೆರೆಸಿದರೆ ಅಳತೆ ತಪ್ಪಬಹುದು. ಐಎಸ್‌ಐ ಗುರುತು ನೋಡಿ ತನ್ನಿ. 2021ರ ಜನವರಿ 1ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ತಮ್ಮ ಎದ್ದಿರುವಾಗ ಡಬ್ಬಿ ಅಟ್ಟದಲ್ಲಿರಲಿ. ಮೂಲೆ ಬಿರಿದ ತುಂಡನ್ನು ಗೋಂದು ಹಾಕಿ ಉಳಿಸಬೇಡಿ, ಎಸೆಯಿರಿ. ಒಳಗಿನ ಮ್ಯಾಗ್ನೆಟ್ ಎರಡು ಹೊಟ್ಟೆಗೆ ಹೋದರೆ ಕರುಳಿನ ಬೇರೆ ಬೇರೆ ಮಡಿಕೆಗಳಿಂದ ಒಂದನ್ನೊಂದು ಎಳೆದು ನಡುವಿನ ಗೋಡೆಯನ್ನು ತೂತು ಮಾಡಬಲ್ಲವು. ನುಂಗಿದ ಸಂಶಯ ಬಂದರೆ ವಾಂತಿ ಮಾಡಿಸಬೇಡಿ, ಮಲದಲ್ಲಿ ಹೋಗಲಿ ಎಂದು ಕಾಯಬೇಡಿ. ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ.