‘ಶಾಣ್ಯಾ’ ಅನ್ನುವ ಹೊರೆ

ಮುದ್ದೇಬಿಹಾಳ ತಾಲೂಕಿನ ತಾಯಿಯೊಬ್ಬರು ಬರೆದಿದ್ದಾರೆ: ‘ಮಗಳು ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಾಗ ಸಾಲಿಗೇ ಮೊದಲು ಬಂದಾಕಿ. ಈಗ ವಿಜಯಪುರದ ಹಾಸ್ಟೆಲಿನಾಗ ಇದ್ದು ಪಿಯುಸಿ ಸೈನ್ಸ್ ಓದತಾಳ. ಊರಿಗೆ ಬಂದ್ರ ಮಾತಿಲ್ಲ, ಜಾತ್ರಿಗೂ ಬರಲಿಲ್ಲ, ಕನ್ನಡಿ ಮುಂದ ನಿಂತಾಕಿ ನಿಂತೇ ಇರತಾಳ. ಮೊದಲ ಟೆಸ್ಟಿನ ಪೇಪರ್ ಮುಚ್ಚಿಟ್ಟಿದ್ಲು. ನನ್ನ ತಮ್ಮ ಸೊಕ್ಕು ಅಂತಾನ, ನನಗ ಅಂಜಿಕಿ ಅನಸ್ತೈತಿ. ವಯಸ್ಸಿನ ದೋಷ ಅಂತ ಬಿಡೂದೋ, ಬೈದು ಹೇಳೂದೋ?’

ಅಕ್ಕಾ, ನಿಮ್ಮ ಅನಿಸಿಕೆಯೇ ಸರಿ. ರಾತ್ರಿ ಮೊಬೈಲ್ ತೆಗೆದಿಡಬೇಕು, ಓದಿಗೆ ಶಿಸ್ತು ಬೇಕು ಎಂದು ನಿಮ್ಮ ತಮ್ಮ ಹೇಳಿದರೆ ಒಪ್ಪೋಣ. ಸೊಕ್ಕು ಎಂಬುದನ್ನು ಮಾತ್ರ ಒಪ್ಪಲಾಗದು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ನ್ಯೂಯಾರ್ಕ್ ರಾಜ್ಯದ 5,000ಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳನ್ನು ಕೇಳಿ, ಸ್ವಾಭಿಮಾನ ಅಳೆಯಲು ಹತ್ತು ವಾಕ್ಯಗಳ ಅಳತೆ ಕೊಟ್ಟರು. ‘ನಾನು ಎಲ್ಲರಿಗಿಂತ ಮೇಲು’ ಎಂಬುದು ಅದರಲ್ಲಿಲ್ಲ. ‘ನಾನೂ ಉಳಿದವರಷ್ಟೇ ಬೆಲೆಯುಳ್ಳವಳು’ ಎಂಬ ಭಾವವಿದೆ. ನಿಮ್ಮ ಮಗಳಲ್ಲಿ ಕುಸಿದಿರುವುದು ಅದು.

ವಯಸ್ಸಿನ ದೋಷ ಎಂದು ಕೈತೊಳೆದುಕೊಳ್ಳುವುದೂ ಬೇಡ. ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಸ್ವಾಭಿಮಾನ ಸರಾಸರಿಯಲ್ಲಿ 4ರಿಂದ 11ರ ವಯಸ್ಸಿನವರೆಗೆ ಏರುತ್ತದೆ, 11ರಿಂದ 15ರವರೆಗೆ ನಿಂತಲ್ಲೇ ನಿಲ್ಲುತ್ತದೆ, ಆಮೇಲೆ 30ರವರೆಗೆ ಚೆನ್ನಾಗಿ ಏರುತ್ತದೆ. ಹದಿನಾರರ ಹುಡುಗಿ ಕುಗ್ಗಿದ್ದಾಳೆಂದರೆ ಏನೋ ಅವಳನ್ನು ಕುಗ್ಗಿಸಿದೆ. ಅಮೆರಿಕದ ಸಂಶೋಧಕರಾದ ಸಿಮನ್ಸ್ ಮತ್ತು ಬ್ಲೈತ್ 1987ರಲ್ಲಿ ತೋರಿಸಿದ್ದು ಇದನ್ನೇ: ಏಳನೆತ್ತೆಗೆ ಬೇರೆ ದೊಡ್ಡ ಶಾಲೆಗೆ ಹೋದ ಹುಡುಗಿಯರ ಸ್ವಾಭಿಮಾನ ಇಳಿಯಿತು, ಹಳೆಯ ಶಾಲೆಯಲ್ಲೇ ಮುಂದುವರಿದವರದು ಹಾಗೆ ಇಳಿಯಲಿಲ್ಲ. ಒಂದೇ ಹೊತ್ತಿಗೆ ಬದಲಾವಣೆಗಳು ಮೇಲಿಂದ ಮೇಲೆ ಬಿದ್ದಷ್ಟೂ ಪೆಟ್ಟು ಜೋರು. ನಿಮ್ಮ ಮಗಳಿಗೆ ಊರು, ಗೆಳತಿಯರು, ಊಟ, ಪಾಠದ ಭಾಷೆ ಎಲ್ಲವೂ ಒಂದೇ ಜೂನಿನಲ್ಲಿ ಬದಲಾದವು. ಕನ್ನಡಿಯ ಮಾತೂ ಬೇರೆಯಲ್ಲ. ಈ ವಯಸ್ಸಿನಲ್ಲಿ ತನ್ನ ಬಗೆಗಿನ ಒಟ್ಟು ಅಭಿಪ್ರಾಯಕ್ಕೆ ಎಲ್ಲಕ್ಕಿಂತ ಹತ್ತಿರ ಅಂಟಿಕೊಂಡಿರುವುದು ರೂಪ.

ಇನ್ನು ಪೇಪರ್ ಮುಚ್ಚಿಟ್ಟ ವಿಷಯ. ನಮ್ಮ ಕಡೆ ಮಗು ಒಂದು ಮಗ್ಗಿ ಒಪ್ಪಿಸಿದರೆ ಸಾಕು, ‘ಭಾಳ ಶಾಣ್ಯಾ ಅದಾಳ’, ಅಂದರೆ ಬಹಳ ಜಾಣೆ, ಎನ್ನುತ್ತೇವೆ. ಪ್ರೀತಿಯ ಮಾತು, ಆದರೆ ಕೆಡಿಸುವ ಮಾತು. ಮನಶ್ಶಾಸ್ತ್ರಜ್ಞರಾದ ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಐದನೆತ್ತೆ ಮಕ್ಕಳಲ್ಲಿ ಕೆಲವರಿಗೆ ‘ನೀನು ಜಾಣ’ ಎಂದರು, ಕೆಲವರಿಗೆ ‘ಶ್ರಮಪಟ್ಟು ಮಾಡಿದೆ’ ಎಂದರು. ಆಮೇಲೆ ಕಠಿಣ ಒಗಟು ಕೊಟ್ಟು ಸೋಲಿಸಿದರು. ಜಾಣರೆನಿಸಿಕೊಂಡವರಿಗೆ ಮುಂದುವರಿಸುವ ಮನಸ್ಸು ಕಡಿಮೆಯಾಯಿತು, ತಮ್ಮ ಅಂಕ ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ಶಾಣ್ಯಾ ಎಂಬ ಹೆಸರು ಹೊತ್ತವಳು ಕಡಿಮೆ ಅಂಕದ ಪೇಪರನ್ನು ಹೇಗೆ ತೋರಿಸಿಯಾಳು?

ಆ ಪೇಪರನ್ನು ಅವಳ ಜೊತೆ ಕೂತು ಬಿಡಿಸಿ. ಹೋದ ಪ್ರತಿ ಅಂಕದ ಪಕ್ಕ ಪೆನ್ಸಿಲಿನಲ್ಲಿ ಒಂದು ಅಕ್ಷರ ಹಾಕಲಿ: ಪ್ರಶ್ನೆಯ ಇಂಗ್ಲಿಷ್ ತಿಳಿಯಲಿಲ್ಲವಾದರೆ ‘ಭಾ’, ಲೆಕ್ಕದ ಹಂತ ತಪ್ಪಿದರೆ ‘ಹಂ’, ಓದೇ ಇರಲಿಲ್ಲವಾದರೆ ‘ಓ’. ಕನ್ನಡ ಮಾಧ್ಯಮದ ಮಕ್ಕಳಿಗೆ ‘ಭಾ’ ಎಷ್ಟು ಬರುತ್ತದೆಂದು ನೋಡಿ. ಅದಕ್ಕೆ ಮದ್ದು ಎರಡು ಕಾಲಮ್ಮಿನ ಒಂದು ನೋಟ್‌ಬುಕ್. ವೇಗ–ವೆಲಾಸಿಟಿ, ಜಡತ್ವ–ಇನರ್ಶಿಯಾ, ವೇಗೋತ್ಕರ್ಷ–ಆಕ್ಸಿಲರೇಷನ್, ಹೀಗೆ ದಿನಕ್ಕೆ ಐದು ಪದ, ಹೆಚ್ಚು ಬೇಡ. ಜಡತ್ವ ಅವಳಿಗೆ ಹತ್ತನೆತ್ತೆಯೊಳಗೇ ಗೊತ್ತಿತ್ತು. ಹೆಸರಷ್ಟೇ ಹೊಸದು ಎಂದು ಅವಳಿಗೇ ಕಾಣಬೇಕು. ಹೊಗಳುವಾಗಲೂ ‘ಮೂರನೇ ಲೆಕ್ಕವನ್ನು ಎರಡನೇ ಸಲ ತಿದ್ದಿದಿ’ ಎಂದು ಮಾಡಿದ ಕೆಲಸವನ್ನೇ ಹೆಸರಿಸಿ.

ಈ ಕೆಲಸ ಕಾಲೇಜುಗಳದ್ದಾಗಬೇಕಿತ್ತು. ಮೊದಲ ತಿಂಗಳು ಕನ್ನಡದ ಸೇತುವೆ ಕಟ್ಟುವ ಬದಲು ಮೊದಲ ಟೆಸ್ಟಿಗೇ ಎ ಸೆಕ್ಷನ್, ಬಿ ಸೆಕ್ಷನ್ ಎಂದು ಮಕ್ಕಳನ್ನು ಬೇರ್ಪಡಿಸುವ ಚಾಳಿ ನಮ್ಮ ಜಿಲ್ಲೆಗಳಲ್ಲಿ ಬೇರೂರಿದೆ. ಮೇ ತಿಂಗಳಲ್ಲಿ ಸರ್ಕಲ್ಲಿಗೊಂದು ಫ್ಲೆಕ್ಸ್, ಅದರ ಮೇಲೆ 625ಕ್ಕೆ 620ರ ಫೋಟೋಗಳು. ಅದರ ಕೆಳಗೇ ಬಸ್ಸಿಗೆ ನಿಂತ 350ರ ಹುಡುಗನಿಗೆ ಆ ಊರಿನಲ್ಲಿ ತನಗೆ ಜಾಗವಿಲ್ಲ ಎನಿಸಿದರೆ ತಪ್ಪು ಯಾರದು? ಮದುವೆಯಲ್ಲಿ ಸಿಕ್ಕವರೂ ಊಟ ಆಯ್ತಾ ಎನ್ನುವ ಮೊದಲು ‘ಎಷ್ಟ ಬಿದ್ದಾವ?’ ಎನ್ನುತ್ತಾರೆ. ಜಾತ್ರೆಗೆ ಅವಳು ಯಾಕೆ ಬರಲಿಲ್ಲ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಡಿ.

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟರೆ ವೈದ್ಯರಿಗೆ ತೋರಿಸಿ. ಬದುಕು ಬೇಡ ಎಂಬ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಕೂಡ ಇದೆ.

ಮುಂದಿನ ಶನಿವಾರ ಅವಳು ಬಸ್ಸಿಳಿದಾಗ ಟೆಸ್ಟಿನ ಮಾತು ತೆಗೆಯಬೇಡಿ. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಪೇಪರು, ಪೆನ್ಸಿಲು ಭಾನುವಾರ ಬೆಳಿಗ್ಗೆ ಚಹಾ ಆದಮೇಲೆ ಹೊರಬಂದರೆ ಸಾಕು.

– ಸಂಪಾದಕ