ಹದಿನಾಲ್ಕು ತಿಂಗಳು ಯಾರಿಗೂ ತೋರಿಸದ ಆ್ಯಪ್

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರಿಗೆ 32 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಊರಿಗೆ ಮರಳಿದ್ದರು. ಅಡಿಕೆ ಬೆಳೆಗಾರರಿಗೆ ಕೊನೆಗೌಡರನ್ನು (ಅಡಿಕೆ ಕೊನೆ ಕೊಯ್ಯುವ, ಮರಗಳಿಗೆ ಔಷಧಿ ಹೊಡೆಯುವ ಕುಶಲ ಕೆಲಸಗಾರರನ್ನು) ಹುಡುಕಿಕೊಡುವ ಆ್ಯಪ್ ಮಾಡುತ್ತಿದ್ದರು. ಆಪ್ತಸಮಾಲೋಚಕಿಯಾದ ನನ್ನ ಬಳಿ ಬಂದದ್ದು ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ ಎಂದು.

ಮೊಬೈಲ್ ತೆಗೆದು ತೋರಿಸಿದರು. ಲಾಗಿನ್, ಮ್ಯಾಪ್, ಹಣ ಪಾವತಿ, ಐದು ನಕ್ಷತ್ರದ ರೇಟಿಂಗ್, ಎಲ್ಲ ಇತ್ತು. 14 ತಿಂಗಳ ಕೆಲಸ, ಉಳಿತಾಯವೆಲ್ಲ ಅದಕ್ಕೇ ಹೋಗಿತ್ತು. "ಒಬ್ಬ ಕೊನೆಗೌಡರಾದರೂ ಇದನ್ನ ನೋಡಿದಾರಾ?" ಎಂದೆ. ಮೊಬೈಲನ್ನು ಮಗುಚಿ ಮೇಜಿನ ಮೇಲಿಟ್ಟರು. "ಇಲ್ಲ ಮೇಡಂ, ಇನ್ನೂ ಸ್ವಲ್ಪ ಬಾಕಿ ಇದೆ."

ಕೆಲಸ ಬಿಟ್ಟದ್ದು ಅಪ್ಪನಿಗೆ ಸುತರಾಂ ಇಷ್ಟವಿರಲಿಲ್ಲ. ಆ್ಯಪ್ ಯಾರೂ ಬಳಸದಿದ್ದರೆ ಅಪ್ಪನ ಮಾತೇ ನಿಜವಾಗುತ್ತದೆ, ಅಲ್ವಾ? ಹೊರಗೆ ಬಿಡದಿದ್ದರೆ ಆ ಭಯವೂ ಇಲ್ಲ. ಹಾಗಾಗಿಯೇ ಬಾಕಿ ಮುಗಿಯುತ್ತಿರಲಿಲ್ಲ.

ಎಂವಿಪಿ (ಮಿನಿಮಮ್ ವಯಬಲ್ ಪ್ರಾಡಕ್ಟ್, ಜನರ ಮುಂದಿಟ್ಟು ಪರೀಕ್ಷಿಸಲು ಮಾಡುವ ಕನಿಷ್ಠ ರೂಪ) ಅಂದರೆ ಅರೆಬರೆ ಆ್ಯಪ್ ಎಂದು ಅವರು ತಿಳಿದಿದ್ದರು. ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟು ಮಾಡಿದರೆ ಸಾಕು ಎಂದೆ. 1999ರಲ್ಲಿ ಅಮೆರಿಕದಲ್ಲಿ ಜಾಪೋಸ್ ಎಂಬ ಆನ್‌ಲೈನ್ ಶೂ ಅಂಗಡಿ ಶುರು ಮಾಡಿದ ನಿಕ್ ಸ್ವಿನ್ಮರ್ನ್ ಮೊದಲಿಗೆ ಶೂ ಖರೀದಿಸಿ ಇಟ್ಟುಕೊಳ್ಳಲೇ ಇಲ್ಲ. ಅಂಗಡಿಗೆ ಹೋಗಿ ಶೂಗಳ ಫೋಟೊ ತೆಗೆದು ವೆಬ್‌ಸೈಟಿಗೆ ಹಾಕಿದರು. ಆರ್ಡರ್ ಬಂದಾಗ ಅದೇ ಅಂಗಡಿಯಲ್ಲಿ ಕೊಂಡು ಕಳಿಸಿದರು. ಕಾಲಿಗೆ ಹಾಕಿ ನೋಡದೆ ಜನ ಶೂ ಕೊಳ್ಳುತ್ತಾರಾ ಎಂದು ತಿಳಿಯಲು ಅಷ್ಟು ಸಾಕಾಯಿತು.

"ನಿಮ್ಮ ಪ್ರಶ್ನೆ ಯಾವುದು?" ತುಂಬ ಹೊತ್ತು ಸುಮ್ಮನಿದ್ದರು. "ಹೇಳಿದ ದಿನ ಕೊನೆಗೌಡ ಬರ್ತಾನೆ ಅನ್ನೋ ಖಾತ್ರಿಗೆ ಜನ ದುಡ್ಡು ಕೊಡ್ತಾರಾ?"

ಆಗ ಮೇ ತಿಂಗಳು. ಅಡಿಕೆಯ ಕೊಳೆರೋಗ ತಡೆಯಲು ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು. ಎಲ್ಲರಿಗೂ ಒಟ್ಟಿಗೇ ಜನ ಬೇಕಾಗುವ ಹೊತ್ತು. ಮೂರು ವಾರ ಕೋಡ್ ಮುಟ್ಟಬೇಡಿ ಎಂದೆ. ಒಂದು ಫೋನ್ ನಂಬರ್, ಒಂದು ನೋಟ್‌ಬುಕ್, ಮೂವರು ಕೊನೆಗೌಡರು, ಹತ್ತು ತೋಟ. ಪ್ರತಿ ಬುಕಿಂಗಿಗೂ ಸ್ವಲ್ಪವಾದರೂ ಹಣ ಕೇಳಿ. "ಚೆನ್ನಾಗಿದೆ" ಅನ್ನೋದಕ್ಕೆ ಯಾರಿಗೂ ಖರ್ಚಿಲ್ಲ. ಆ ಹತ್ತರಲ್ಲಿ ಅಪ್ಪನ ತೋಟ ಬೇಡ. ಇನ್ನೆಷ್ಟು ಹಣ ಹಾಕುತ್ತೀರಿ, ಯಾವತ್ತಿಗೆ ನಿಲ್ಲಿಸುತ್ತೀರಿ ಎಂಬುದನ್ನು ಮಾತ್ರ ಅಪ್ಪನಿಗೆ ಈಗಲೇ ಹೇಳಿಬಿಡಿ.

ಜೂನ್ ಕೊನೆಗೆ ನೋಟ್‌ಬುಕ್ ಹಿಡಿದು ಬಂದರು. ಹಾಳೆಗಳ ಅಂಚಿಗೆ ಮೈಲುತುತ್ತದ ನೀಲಿ ಕಲೆ. ಆರು ತೋಟದವರು ಹಣ ಕೊಟ್ಟಿದ್ದರು. ರೇಟಿಂಗ್ ಯಾರಿಗೂ ಬೇಕಿರಲಿಲ್ಲ, ಯಾರ ಕೆಲಸ ಹೇಗೆಂದು ಊರಿಗೆಲ್ಲ ಗೊತ್ತು. ಎಲ್ಲರೂ ಕೇಳಿದ್ದು ಒಂದೇ: "ಅವನು ಇವತ್ತು ಯಾರ ತೋಟದಲ್ಲಿದ್ದಾನೆ, ನಮ್ಮ ಪಾಳಿ ಯಾವಾಗ?" ಕೊನೆಗೌಡರಿಗೆ ಬೇಕಿದ್ದುದು ಅಕ್ಕಪಕ್ಕದ ತೋಟಗಳು ಸಾಲಾಗಿ ಸಿಗುವುದು. ದೋಟಿ, ಪೈಪು ಹೊತ್ತು ಊರಿಂದೂರಿಗೆ ಅಲೆಯುವುದು ತಪ್ಪುತ್ತಲ್ಲ.

ಈಗ ಪಾಳಿ ತೋರಿಸುವ ಒಂದೇ ಒಂದು ಪರದೆ ಮಾಡುತ್ತಿದ್ದಾರೆ. ನಿದ್ದೆ ಪರವಾಗಿಲ್ಲ ಅಂತೆ. ಅಪ್ಪನ ಜತೆ ಮಾತು ಇನ್ನೂ ಸರಿಹೋಗಿಲ್ಲ. ಮುಂದಿನ ಭೇಟಿಯನ್ನು ಅದಕ್ಕೇ ಇಟ್ಟುಕೊಂಡಿದ್ದೇವೆ.